ರಾಜೀನಾಮೆಗೆ ಸಹಿ ಹಾಕುವ ಮೊದಲು: ಬೆಳಗಾವಿಯ ಉಚಿತ ಕಾನೂನು ನೆರವು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ನನಗೆ ಒಂದು ರೂಪಾಯಿ ಫೀಸಿಲ್ಲದೆ ಕೆಲಸ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದ ಕೆಲಸಗಾರ. 2023ಕ್ಕೆ 26 ವರ್ಷ ಸರ್ವಿಸು ಮುಗಿದಿತ್ತು, ವಯಸ್ಸು 57. ಮೊದಲು ಓವರ್‌ಟೈಮ್ ನಿಲ್ಲಿಸಿದರು. ಆಮೇಲೆ ಲೇತ್ ಬಿಡಿಸಿ ಸ್ಕ್ರ್ಯಾಪ್ ಆರಿಸಲು ಹಾಕಿದರು. ಒಂದಿನ ಎಚ್.ಆರ್. ಹುಡುಗ ಟೈಪ್ ಮಾಡಿದ ಕಾಗದ ಮುಂದಿಟ್ಟ. "ಕಾಕಾ, ನಿಮಗೂ ವಯಸ್ಸಾತು. ಇಲ್ಲೊಂದು ಸಹಿ ಹಾಕ್ರಿ. ಗ್ರ್ಯಾಚುಟಿ ಕೊಡ್ತೀವಿ, ಮ್ಯಾಲೆ ಎರಡ್ ತಿಂಗಳ ಪಗಾರ." ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಎಂಟು ದಿನಕ್ಕೆ ಗೇಟಿನಲ್ಲೇ ತಡೆದರು.

ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಿ, ಚನ್ನಮ್ಮ ಸರ್ಕಲ್‌ನಲ್ಲಿ ಇಳಿದು ಕೋರ್ಟಿಗೆ ನಡೆದು ಹೋದೆ. ಇದು ತೀರಾ ಬಡವರಿಗೆ ಮಾತ್ರ ಅಂದುಕೊಂಡಿದ್ದೆ. ಹಾಗಲ್ಲ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ನೆರವು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ.

ನನಗೆ ಸಿಕ್ಕ ವಕೀಲರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊದಲು ಕೇಳಿದ್ದೇ "ಸಹಿ ಮಾಡೀರೇನ್ರಿ ಕಾಕಾ?" ಅಂತ. ಇಲ್ರಿ ಅಂದೆ. "ಛಲೋ ಆತು" ಅಂದರು. ತಾನಾಗಿ ಬಿಟ್ಟವನಿಗೆ ಛಾಟಣಿ ಪರಿಹಾರ, ಅಂದರೆ ಮಾಲೀಕರು ಕೆಲಸದಿಂದ ತೆಗೆದಾಗ ಕೊಡುವ ದುಡ್ಡು, ಸಿಗುವುದಿಲ್ಲವಂತೆ. ಅವರೇ ತೆಗೆದರೆ ಒಂದು ತಿಂಗಳ ನೋಟಿಸು, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ನನ್ನ 26 ವರ್ಷಕ್ಕೆ 390 ದಿನದ್ದು. ತಿಂಗಳಿಗೆ 19,500 ರೂಪಾಯಿ ಲೆಕ್ಕದಲ್ಲಿ 2,53,500. ಗ್ರ್ಯಾಚುಟಿ 2,92,500 ಬೇರೆ, ಅದು ಹೇಗಿದ್ದರೂ ನನ್ನದೇ. ಅದನ್ನು ಅವರು ದಾನದ ಹಾಗೆ ಹೇಳಿದ್ದರಲ್ಲ, ಆ ಸಿಟ್ಟು ಇನ್ನೂ ಇದೆ.

ಅರ್ಜಿ ಹಾಕಿದೆವು. ಆದರೆ ಕಾರ್ಮಿಕ ಅಧಿಕಾರಿಯ ಎದುರು ನಡೆಯುವ ರಾಜಿ ಸಭೆಯಲ್ಲಿ ವಕೀಲರು ವಾದ ಮಾಡುವ ಹಾಗಿಲ್ಲ, ಕಾನೂನೇ ಹಾಗೆ. ನಾನೇ ಮಾತಾಡಬೇಕು. ಕೈಕಾಲು ಬಿದ್ದುಹೋದವು. ಆ ಹುಡುಗಿ ಒಂದು ಮಧ್ಯಾಹ್ನ ಪೂರ್ತಿ ಕೂತು ನನ್ನನ್ನು ತಯಾರು ಮಾಡಿದರು. ತಾವೇ ಮ್ಯಾನೇಜರ್ ಆಗಿ "ನಿಮಗ ಈಗ ಕೆಲಸ ಆಗಂಗಿಲ್ಲ" ಅನ್ನುವುದು, ನಾನು ಉತ್ತರ ಕೊಡುವುದು. ಧ್ವನಿ ನಡುಗಿದರೆ ಮತ್ತೆ ಮೊದಲಿಂದ. ನಾನು ಓದುವ ಕನ್ನಡಕ ತಂದಿರಲಿಲ್ಲ. ಹಾಳೆಯ ಮೇಲೆ ಮಾರ್ಕರ್‌ನಿಂದ ದೊಡ್ಡಕ್ಷರದಲ್ಲಿ ಬರೆದುಕೊಟ್ಟರು: ನನ್ನ ನಂತರ ಸೇರಿದ ಇಬ್ಬರು ಟರ್ನರ್‌ಗಳನ್ನು ಉಳಿಸಿಕೊಂಡು ನನ್ನನ್ನೇ ಯಾಕೆ ತೆಗೆದಿರಿ? 2017ರಲ್ಲೇ ರಾಜ್ಯದ ಮಾದರಿ ಸ್ಥಾಯಿ ಆದೇಶದಲ್ಲಿ (ಕಾರ್ಖಾನೆ ಕೆಲಸಗಾರರ ಸೇವಾ ನಿಯಮ) ನಿವೃತ್ತಿ ವಯಸ್ಸು 58ರಿಂದ 60 ಆಗಿದೆಯಲ್ಲ?

ಎರಡು ಸಲ ಕಾರ್ಖಾನೆಯವರು ಸಭೆಗೆ ಬರಲೇ ಇಲ್ಲ. ಮೂರನೇ ಸಲ ಮ್ಯಾನೇಜರ್ ಬಂದರು. ನಾನು ಹಾಳೆ ಮಡಚಿ ಕೈಯಲ್ಲಿ ಹಿಡಿದು, ನೋಡದೆಯೇ ಎರಡೂ ಪ್ರಶ್ನೆ ಕೇಳಿದೆ. ಎರಡನೆಯದಕ್ಕೆ ಅವರು ಉತ್ತರ ಕೊಡಲಿಲ್ಲ. ಮುಂದಿನ ವಾರ ವಾಪಸ್ ಕರೆದರು. ನಿಂತ ದಿನಗಳ ಪಗಾರವೂ ಬಂತು.

ಕೊರತೆ ಇಲ್ಲ ಅಂತಲ್ಲ. ವಕೀಲರು ಕೋರ್ಟಿನಲ್ಲಿದ್ದಾಗ ಫೋನ್ ಎತ್ತುವುದಿಲ್ಲ, ಎರಡು ಸಲ ಸುಮ್ನೆ ಹೋಗಿ ಬಂದೆ. ಮೊದಲ ಅರ್ಜಿ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಕನ್ನಡದಲ್ಲಿ ಮಾಡಿಕೊಟ್ಟರು. ನೀವು ಮೊದಲೇ ಕೇಳಿ.

ಹೋಗುವಾಗ ನೇಮಕಾತಿ ಪತ್ರ, ಪಗಾರ ಚೀಟಿ, ಪಿ.ಎಫ್. ಮತ್ತು ಇ.ಎಸ್.ಐ. ಕಾಗದ ಒಯ್ಯಿರಿ. ನನ್ನ ನೇಮಕಾತಿ ಪತ್ರವನ್ನು ಹೆಂಡತಿ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ಅದಿಲ್ಲದಿದ್ದರೆ 26 ವರ್ಷ ತೋರಿಸುವುದು ಕಷ್ಟವಿತ್ತು. ಮತ್ತೆ, ತಡ ಮಾಡಬೇಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಕಾನೂನು (ಕೈಗಾರಿಕಾ ಸಂಬಂಧಗಳ ಸಂಹಿತೆ) ಬಂದು, ಕೆಲಸದಿಂದ ತೆಗೆದದ್ದರ ವಿರುದ್ಧ ಕೇಸು ಹಾಕಲು ಇದ್ದ ಮೂರು ವರ್ಷ ಈಗ ಎರಡಾಗಿದೆ.