ಬೆರಳಿನ ಜೊತೆ ಸಾಗುವ ಪುಟ: ಲಿನಕ್ಸ್‌ನಲ್ಲಿ ಮೂರು ಬ್ರೌಸರ್‌ಗಳು

ಕನ್ನಡ ವಿಕಿಪೀಡಿಯದ ಉದ್ದನೆಯ ಲೇಖನ ಓದುವಾಗ ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಎಷ್ಟು ಸರಿಯುತ್ತವೆಯೋ ಪುಟವೂ ಅದಕ್ಕೆ ತಕ್ಕಂತೆ ಸರಿಯಬೇಕು. ಮೂರು ಸಾಲು ಒಮ್ಮೆಲೇ ಹಾರಿದರೆ ಓದುತ್ತಿದ್ದ ಸಾಲು ಕೈತಪ್ಪುತ್ತದೆ. ಒತ್ತಕ್ಷರಗಳು ಒತ್ತೊತ್ತಾಗಿ ಇಳಿಬಿದ್ದ ಪುಟದಲ್ಲಿ ಅದನ್ನು ಮತ್ತೆ ಹುಡುಕುವುದು ನನಗೆ ನಿಜಕ್ಕೂ ತ್ರಾಸ. ಹಾಗಾಗಿ ಒಂದೇ ಲ್ಯಾಪ್‌ಟಾಪ್, ಒಂದೇ ಗ್ನೋಮ್ ಡೆಸ್ಕ್‌ಟಾಪ್, ಒಂದೇ ಲೇಖನ ಇಟ್ಟುಕೊಂಡು ಫೈರ್‌ಫಾಕ್ಸ್, ಕ್ರೋಮಿಯಮ್, ಗ್ನೋಮ್ ವೆಬ್ ಮೂರರಲ್ಲೂ ಕೆಲವು ವಾರ ಓದಿದೆ.

ಫೈರ್‌ಫಾಕ್ಸ್ ಅನ್ನು ಮೊದಲು ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರಲ್ಲಿ ನಡೆಸಿದೆ. ಪುಟ ಮೆಟ್ಟಿಲು ಇಳಿದಂತೆ ಇಳಿಯಿತು. ಕಾರಣ ಹಳೆಯದು: ಎಕ್ಸ್‌ನ ಮೂಲ ವ್ಯವಸ್ಥೆಯಲ್ಲಿ ಸ್ಕ್ರಾಲ್ ಎಂದರೆ ಮೌಸ್‌ನ 4 ಮತ್ತು 5ನೇ ಗುಂಡಿ ಒತ್ತಿದ ಹಾಗೆ, ಗುಂಡಿಗೆ ಅರ್ಧ ಒತ್ತುವುದು ತಿಳಿಯದು. ಬೆರಳಿನ ಸಣ್ಣ ಚಲನೆಯನ್ನೂ ತಿಳಿಸಬಲ್ಲ ಎಕ್ಸ್‌ಇನ್‌ಪುಟ್2 ಬಳಸುವಂತೆ ಎನ್ವಿರಾನ್ಮೆಂಟ್ ವೇರಿಯೇಬಲ್ (ತಂತ್ರಾಂಶ ತೆರೆಯುವಾಗ ಕೊಡುವ ಸೂಚನೆ) ಕೊಟ್ಟು ತೆರೆದಾಗ ಮೆಟ್ಟಿಲು ಮಾಯವಾಯಿತು. ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಅದೂ ಬೇಕಿಲ್ಲ. 2023ರ ಡಿಸೆಂಬರ್‌ನಲ್ಲಿ ಬಂದ 121ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ತಾನಾಗಿಯೇ ವೇಲ್ಯಾಂಡ್ ಆರಿಸಿಕೊಳ್ಳುತ್ತದೆ. ಬೆರಳೆತ್ತಿದ ಮೇಲೂ ಪುಟ ತುಸು ದೂರ ಜಾರಿ ನಿಲ್ಲುತ್ತದೆ. ಓಟ ನನಗೆ ಹೆಚ್ಚೆನಿಸಿತು. ವಿಳಾಸದ ಜಾಗದಲ್ಲಿ ಅಬೌಟ್:ಕಾನ್ಫಿಗ್ ಎಂದು ಬರೆದು ಒಳ ಆಯ್ಕೆಗಳ ಪುಟ ತೆರೆದು, ಪ್ಯಾನ್‌ಜೆಸ್ಚರ್ ಎಂದು ಹುಡುಕಿ, ಡೆಲ್ಟಾ ಮೋಡ್ (ಸರಿದ ದೂರವನ್ನು ಅಳೆಯುವ ಬಗೆ) ಅನ್ನು 2ಕ್ಕೆ, ಅಂದರೆ ಪಿಕ್ಸೆಲ್ ಲೆಕ್ಕಕ್ಕೆ ಬದಲಿಸಿ, ಪಿಕ್ಸೆಲ್ ಗುಣಕವನ್ನು ತಗ್ಗಿಸಿದೆ. ಆಮೇಲೆ ಸಾಲು ಬೆರಳಿಗೆ ಅಂಟಿಕೊಂಡಂತೆ ಬಂತು. ಆ ಸಂಜೆ ಓದಿದ ಸುಖವೇ ಬೇರೆ.

ಕ್ರೋಮಿಯಮ್ ಎಕ್ಸ್11ರಲ್ಲೂ ಬೆರಳನ್ನು ನಿಖರವಾಗಿ ಹಿಂಬಾಲಿಸಿತು, ಆದರೆ ಬೆರಳೆತ್ತಿದ ಕ್ಷಣವೇ ಪುಟ ಗಕ್ಕನೆ ನಿಂತಿತು. ವೇಲ್ಯಾಂಡ್ ಮೇಲೆ ತೆರೆದಾಗ ಜಾರುವಿಕೆ ಸಿಕ್ಕಿತು. ಎರಡು ಬೆರಳು ಅಡ್ಡಲಾಗಿ ಎಳೆದು ಹಿಂದಿನ ಪುಟಕ್ಕೆ ಹೋಗಲು ನಾನು ಪ್ರತ್ಯೇಕ ಆಯ್ಕೆಯೊಂದನ್ನು ಚಾಲೂ ಮಾಡಬೇಕಾಯಿತು. ಓಟದ ವೇಗ ತಿದ್ದಲು ಫೈರ್‌ಫಾಕ್ಸ್‌ನಷ್ಟು ಸಲಕರಣೆ ಇಲ್ಲಿ ನನಗೆ ಸಿಗಲಿಲ್ಲ.

ಗ್ನೋಮ್ ವೆಬ್‌ನಲ್ಲಿ ಏನನ್ನೂ ತಿದ್ದುವ ಅಗತ್ಯವೇ ಬೀಳಲಿಲ್ಲ. ಜಾರುವಿಕೆ, ಹಿಂದಿನ ಪುಟಕ್ಕೆ ಎಳೆಯುವುದು ಎರಡೂ ಮೊದಲಿನಿಂದಲೇ ಇವೆ. ಬರೀ ಓದುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಒಂದೇ ಟಚ್‌ಪ್ಯಾಡ್‌ಗೆ ಮೂರು ನಡಿಗೆ ಏಕೆ? ಟಚ್‌ಪ್ಯಾಡ್ ನಡೆಸುತ್ತಿದ್ದ ಹಿಂದಿನ ಸಿನಾಪ್ಟಿಕ್ಸ್ ಡ್ರೈವರ್ ಜಾರುವಿಕೆಯನ್ನು ತಾನೇ ಮಾಡುತ್ತಿತ್ತು. ಪುಟ ಇನ್ನೂ ಜಾರುತ್ತಿರುವಾಗ ಕಂಟ್ರೋಲ್ ಕೀಲಿ ಒತ್ತಿದರೆ ಸ್ಕ್ರಾಲ್ ಹೋಗಿ ಅಕ್ಷರ ಹಿಗ್ಗುವುದೋ ಕುಗ್ಗುವುದೋ ಆಗುತ್ತಿತ್ತು. ಅದಕ್ಕೇ ಈಗ ಅದರ ಜಾಗದಲ್ಲಿರುವ ಲಿಬ್‌ಇನ್‌ಪುಟ್ ಬೆರಳು ಎದ್ದಿತೆಂದು ಮಾತ್ರ ತಿಳಿಸಿ ಸುಮ್ಮನಾಗುತ್ತದೆ. ಎಷ್ಟು ಜಾರಬೇಕೆಂಬುದನ್ನು ಆಯಾ ತಂತ್ರಾಂಶವೇ ನಿರ್ಧರಿಸಬೇಕು. ಈ ತೀರ್ಮಾನ ಸರಿಯೆಂದೇ ನನ್ನ ಎಣಿಕೆ, ಒಂದೊಂದು ಬ್ರೌಸರ್‌ಗೂ ಬೆರಳು ಹೊಸದಾಗಿ ಪಳಗಬೇಕಾದರೂ.

ಈಗ ದಿನದ ಓದಿಗೆ ತಿದ್ದಿದ ಫೈರ್‌ಫಾಕ್ಸ್ ಬಳಸುತ್ತಿದ್ದೇನೆ. ನಿಮ್ಮದರಲ್ಲಿ ಪುಟ ಇನ್ನೂ ಮೆಟ್ಟಿಲಿಳಿಯುತ್ತಿದ್ದರೆ ಅಬೌಟ್:ಸಪೋರ್ಟ್ ತೆರೆದು ವಿಂಡೋ ಪ್ರೋಟೋಕಾಲ್ ಎಂಬ ಸಾಲು ನೋಡಿ. ಅಲ್ಲಿ ವೇಲ್ಯಾಂಡ್ ಎಂದು ಇಲ್ಲದಿದ್ದರೆ ಮೊದಲು ತಿದ್ದಬೇಕಾದದ್ದು ಅದನ್ನೇ.