ಡ್ಯಾಗರ್ ಪಿಸ್ತೂಲಿಗೆ ಗ್ಲಾಕ್ ಮ್ಯಾಗಜಿನ್ನೋ, ಪಿಮ್ಯಾಗೋ?

ಅಮೆರಿಕದಲ್ಲಿ ಅಗ್ಗಕ್ಕೆ ಸಿಗುವ ಪಿಎಸ್‌ಎ (ಪಾಲ್ಮೆಟ್ಟೊ ಸ್ಟೇಟ್ ಆರ್ಮರಿ) ಕಂಪನಿಯ ಡ್ಯಾಗರ್ ಕಾಂಪ್ಯಾಕ್ಟ್ ಪಿಸ್ತೂಲಿಗೆ ಗ್ಲಾಕ್ 19 ಪಿಸ್ತೂಲಿನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಕೂರುತ್ತದೆ. ಹಾಗಾಗಿ ಆಯ್ಕೆ ಗ್ಲಾಕ್ ಕಂಪನಿಯದೇ ಮ್ಯಾಗಜಿನ್ ಮತ್ತು ಮ್ಯಾಗ್‌ಪುಲ್‌ನ ಪಿಮ್ಯಾಗ್ ನಡುವೆ.

ಬೆಲೆಯಲ್ಲಿ ಪಿಮ್ಯಾಗ್ ಸಾಕಷ್ಟು ಕಡಿಮೆ. ಬಾಳಿಕೆಯ ಮಾತು ಬೇರೆ. ಗ್ಲಾಕ್‌ನದರ ಪ್ಲಾಸ್ಟಿಕ್ ಮೈಯೊಳಗೆ ಉಕ್ಕಿನ ಒಳಪದರವಿದೆ, ಗುಂಡನ್ನು ಹಿಡಿದಿಡುವ ಮೇಲಂಚೂ ಉಕ್ಕಿನದೇ. ಪಿಮ್ಯಾಗ್‌ನ ಮೈ ಪೂರ್ತಿ ಪಾಲಿಮರ್. ತುಂಬಿದ್ದಾಗ ಕಾಂಕ್ರೀಟಿನ ಮೇಲೆ ತಲೆಕೆಳಗಾಗಿ ಬಿದ್ದರೆ ಆ ಅಂಚಿನಲ್ಲಿ ಬಿರುಕಿದೆಯೇ ಎಂದು ನೋಡಲೇಬೇಕು.

ಹೊಸ ಪಿಸ್ತೂಲನ್ನು ಪಳಗಿಸುವಾಗ ಮೊದಲು ಕಾರ್ಖಾನೆಯ ಗ್ರೀಸ್ ಒರೆಸಿ, ಸ್ಲೈಡಿನ (ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲ್ಭಾಗ) ಹಳಿಗಳಿಗೆ ಎಣ್ಣೆ ಹಚ್ಚಿ. 115 ಅಥವಾ 124 ಗ್ರೇನ್ (ಗುಂಡಿನ ತೂಕದ ಅಳತೆ) ತೂಕದ 200 ಗುಂಡು ಹಾರಿಸಿದರೆ ಸಾಕು. ಸ್ಲೈಡನ್ನು ಮತ್ತೆ ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಹೊಸದರಲ್ಲಿ ಬಿಗಿಯಾಗಿರುವುದರಿಂದ ದುರ್ಬಲ ಗುಂಡುಗಳಲ್ಲಿ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಹಾರಿದ ಗುಂಡಿನ ಖಾಲಿ ಕೋಶ ಸಿಕ್ಕಿಕೊಳ್ಳಬಹುದು. ಮ್ಯಾಗಜಿನ್‌ಗಳ ತಳಕ್ಕೆ 1, 2, 3 ಎಂದು ಬರೆದಿಡಿ: ಒಂದೇ ಸಂಖ್ಯೆಯದು ಮತ್ತೆಮತ್ತೆ ಕೈಕೊಟ್ಟರೆ ತಪ್ಪು ಅದರದು, ಎಲ್ಲವೂ ಕೈಕೊಟ್ಟರೆ ಪಿಸ್ತೂಲಿನದೋ ಗುಂಡಿನದೋ. ಕೊನೆಯ ಗುಂಡಿನ ನಂತರ ಸ್ಲೈಡ್ ತೆರೆದು ನಿಲ್ಲದಿದ್ದರೆ ಮ್ಯಾಗಜಿನ್ ಸ್ಪ್ರಿಂಗನ್ನು ಬೈಯುವ ಮೊದಲು ಹೆಬ್ಬೆರಳು ಸ್ಲೈಡ್ ಸ್ಟಾಪ್ (ಸ್ಲೈಡನ್ನು ತೆರೆದು ನಿಲ್ಲಿಸುವ ಸನ್ನೆ) ಮೇಲಿತ್ತೇ ನೋಡಿ.

ಬರೀ ರೇಂಜಿನ ಅಭ್ಯಾಸಕ್ಕೆ ನಾಲ್ಕಾರು ಪಿಮ್ಯಾಗ್ ಲಾಭದಾಯಕ. ಆತ್ಮರಕ್ಷಣೆಗೆ ಸದಾ ತುಂಬಿಟ್ಟುಕೊಳ್ಳುವವರಿಗೆ ಎರಡು ಗ್ಲಾಕ್‌ನವು ಮೇಲು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕಡೆ ಒಂದು ಮ್ಯಾಗಜಿನ್‌ಗೆ 10 ಗುಂಡಿನ ಮಿತಿಯಿದೆ. ಅಲ್ಲಿ ಅದಕ್ಕೆ ಹೊಂದುವುದನ್ನೇ ಕೊಳ್ಳಬೇಕು.