ಕಾದಂಬರಿ ಬರವಣಿಗೆಗೆ ಸ್ಕ್ರಿವ್ನರ್, ಗೂಗಲ್ ಡಾಕ್ಸ್, ಅಬ್ಸಿಡಿಯನ್: ಒಂದು ಹೋಲಿಕೆ

ಕಾದಂಬರಿಯಂಥ ದೀರ್ಘ ಬರವಣಿಗೆಗೆ ಯಾವ ತಂತ್ರಾಂಶ ಒಳ್ಳೆಯದು ಎಂಬ ಚರ್ಚೆ ಹೆಚ್ಚಾಗಿ ಸೌಲಭ್ಯಗಳ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್, ಜೇಬಿನಲ್ಲಿ ಆಂಡ್ರಾಯ್ಡ್ ಫೋನ್ ಇಟ್ಟುಕೊಂಡು ಕನ್ನಡದಲ್ಲಿ ಬರೆಯುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಬರೆದದ್ದು ಯಾವ ರೂಪದಲ್ಲಿ ಉಳಿಯುತ್ತದೆ, ಒಂದು ಸಾಧನದಿಂದ ಇನ್ನೊಂದಕ್ಕೆ ಹೋದಾಗ ಅದು ಹೇಗಿರುತ್ತದೆ? ಮಲೆನಾಡಿನ ಅಡಿಕೆ ತೋಟವೊಂದರ ಒಡೆಯರು ಮತ್ತು ಗೇಣಿದಾರರ ಮೂರು ತಲೆಮಾರುಗಳನ್ನೂ ನಡುವೆ ಬರುವ 1974ರ ಭೂಸುಧಾರಣೆಯನ್ನೂ ಒಳಗೊಂಡ ಕಾದಂಬರಿಯ ಕರಡನ್ನು ಸ್ಕ್ರಿವ್ನರ್, ಗೂಗಲ್ ಡಾಕ್ಸ್ ಮತ್ತು ಅಬ್ಸಿಡಿಯನ್ ಮೂರರಲ್ಲೂ ಇಟ್ಟು ಕೆಲಸ ಮಾಡಿದ ಮೇಲೆ, ನನ್ನ ಆಯ್ಕೆ ನಿಂತದ್ದು ಈ ಪ್ರಶ್ನೆಯ ಮೇಲೆಯೇ.

ಸ್ಕ್ರಿವ್ನರ್ ದೀರ್ಘ ಬರವಣಿಗೆಗೆಂದೇ ರೂಪುಗೊಂಡ ತಂತ್ರಾಂಶ. 2007ರಲ್ಲಿ ಮ್ಯಾಕ್‌ಗೆ, 2011ರಲ್ಲಿ ವಿಂಡೋಸ್‌ಗೆ, 2016ರಲ್ಲಿ ಐಫೋನ್ ಮತ್ತು ಐಪ್ಯಾಡ್‌ಗಳಿಗೆ ಬಂತು. ಕಥೆಯ ಹಂದರ ಕಟ್ಟುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಪ್ರತಿ ದೃಶ್ಯಕ್ಕೂ ಒಂದೊಂದು ಚೀಟಿ ಇರುತ್ತದೆ. ಪರದೆಯ ಮೇಲಿನ ಹಲಗೆಯಲ್ಲಿ ಚೀಟಿಗಳನ್ನು ಆಚೀಚೆ ಸರಿಸಿದರೆ ಹಸ್ತಪ್ರತಿಯೂ ಅದೇ ಕ್ರಮಕ್ಕೆ ಬರುತ್ತದೆ. ಮೊಮ್ಮಗನ ಕಾಲದಿಂದ ಆರಂಭಿಸಿ ಅಜ್ಜನ ಕಾಲಕ್ಕೆ ಹಿಂದೆ ಸರಿಯಬೇಕೋ ಅಥವಾ ನೇರವಾಗಿ ಹೇಳಿಕೊಂಡು ಹೋಗಬೇಕೋ ಎಂಬುದನ್ನು ಇಲ್ಲಿ ಒಂದು ಸಾಲನ್ನೂ ಕತ್ತರಿಸಿ ಅಂಟಿಸದೆ ಪರೀಕ್ಷಿಸಬಹುದು. ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಚಂದಾ ಇಲ್ಲ. 30 ದಿನಗಳ ಉಚಿತ ಪ್ರಯೋಗದಲ್ಲಿ ನಿಜವಾಗಿ ಬಳಸಿದ ದಿನಗಳಷ್ಟೇ ಲೆಕ್ಕಕ್ಕೆ ಬರುವುದರಿಂದ, ಭಾನುವಾರ ಮಾತ್ರ ಬರೆಯಲು ಬಿಡುವಾಗುವವರಿಗೆ ಅದು ತಿಂಗಳುಗಟ್ಟಲೆ ಒದಗುತ್ತದೆ.

ಆದರೆ ಆಂಡ್ರಾಯ್ಡ್‌ಗೆ ಸ್ಕ್ರಿವ್ನರ್ ಇಲ್ಲ. ಬಸ್ಸಿನಲ್ಲಿ ಹೊಳೆದ ಸಾಲನ್ನು ಬೇರೆಲ್ಲೋ ಗುರುತುಹಾಕಿಕೊಂಡು ಮನೆಗೆ ಬಂದು ಸೇರಿಸಬೇಕು. ಐಫೋನ್ ಇರುವವರಿಗೂ ಡ್ರಾಪ್‌ಬಾಕ್ಸ್ ಮೂಲಕವೇ ಸಿಂಕ್ ಆಗಬೇಕು, ಅಂದರೆ ಎಲ್ಲ ಸಾಧನಗಳಲ್ಲೂ ಒಂದೇ ಪ್ರತಿ ಇರುವಂತೆ ಆಗಬೇಕು. ಒಂದು ಪ್ರಾಜೆಕ್ಟ್ ಎಂದರೆ ಅನೇಕ ಸಣ್ಣ ಫೈಲುಗಳ ಫೋಲ್ಡರ್ ಆದ್ದರಿಂದ, ಎಲ್ಲವೂ ತಲುಪುವ ಮೊದಲೇ ಇನ್ನೊಂದು ಸಾಧನದಲ್ಲಿ ಅದನ್ನು ತೆರೆಯುವುದು ಒಳ್ಳೆಯದಲ್ಲ. ಆ ಫೈಲುಗಳಿರುವುದು ಅಕ್ಷರಗಳನ್ನೂ ಅವುಗಳ ವಿನ್ಯಾಸವನ್ನೂ ಸಂಕೇತಗಳಲ್ಲಿ ಬರೆದಿಡುವ ಆರ್‌ಟಿಎಫ್ ರೂಪದಲ್ಲಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ಕನ್ನಡದ ಬದಲು ಸಂಖ್ಯೆಗಳ ಸಾಲು ಕಾಣುತ್ತದೆ: 'ಕ' ಇರಬೇಕಾದಲ್ಲಿ 3221, 'ಗ' ಇರಬೇಕಾದಲ್ಲಿ 3223. ತಂತ್ರಾಂಶ ಕೈಗೆ ಸಿಗದ ದಿನ ಆ ಪಠ್ಯವನ್ನು ಹೊರತೆಗೆಯಲು ಆರ್‌ಟಿಎಫ್ ಅರಿಯುವ ಬೇರೊಂದು ತಂತ್ರಾಂಶ ಬೇಕೇ ಬೇಕು.

ಗೂಗಲ್ ಡಾಕ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರೂ ಬಳಸಿರುವುದೇ. 2024ರಲ್ಲಿ ಬಂದ ಟ್ಯಾಬ್‌ಗಳಿಂದ ಅಧ್ಯಾಯಗಳನ್ನು ವಿಂಗಡಿಸಿಡುವುದು ಸುಲಭವಾಯಿತಾದರೂ, ಕಥೆಯ ಯೋಜನೆಗೆ ಇದು ಒದಗುವುದು ಕಡಿಮೆ. ಇದರ ಬಲವಿರುವುದು ತಿದ್ದುಪಡಿಯಲ್ಲಿ. ಕರಡನ್ನು ಓದುವ ಸ್ನೇಹಿತರು ಮೂಲವನ್ನು ಅಳಿಸದೆ ಸಲಹೆಯ ರೂಪದಲ್ಲೇ ತಿದ್ದಬಹುದು, ಹಿಂದಿನ ಆವೃತ್ತಿಗೆ ಮರಳಬಹುದು, ಕ್ರೋಮ್‌ನಲ್ಲಿ ಕನ್ನಡದಲ್ಲೇ ಹೇಳಿ ಬರೆಸಬಹುದು. ಸಂಭಾಷಣೆಗಳನ್ನು ಹೀಗೆ ಗಟ್ಟಿಯಾಗಿ ಹೇಳಿ ಬರೆಸುವುದು ನನಗೆ ಬಹಳ ಹಿಡಿಸಿತು. ಆಡುಮಾತಿನಲ್ಲಿ ನಿಲ್ಲದ ವಾಕ್ಯ ಅಲ್ಲಿಯೇ ಸಿಕ್ಕಿಬೀಳುತ್ತದೆ. ನೆಟ್‌ವರ್ಕ್ ಸಿಗದ ಊರಿಗೆ ಹೊರಡುವವರು ಆಫ್‌ಲೈನ್ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಅಬ್ಸಿಡಿಯನ್ ಮೂಲತಃ ಟಿಪ್ಪಣಿಗಳಿಗಾಗಿ ಇರುವ ತಂತ್ರಾಂಶ. ಕಾದಂಬರಿಯ ಹೆಸರನ್ನೇ ಎತ್ತುವುದಿಲ್ಲ. ಆದರೂ ನನ್ನ ಕೆಲಸಕ್ಕೆ ಹೆಚ್ಚು ಒಗ್ಗಿದ್ದು ಇದೇ. ಪ್ರತಿ ಪಾತ್ರಕ್ಕೆ, ಸ್ಥಳಕ್ಕೆ, ಘಟನೆಗೆ ಒಂದೊಂದು ಪುಟ ಮಾಡಿ, ದೃಶ್ಯ ಬರೆಯುವಾಗ ಆ ಹೆಸರನ್ನು ಜೋಡಿ ಚೌಕಾವರಣದಲ್ಲಿಟ್ಟರೆ ಕೊಂಡಿ ತಾನಾಗಿಯೇ ಆಗುತ್ತದೆ. 'ಭೂನ್ಯಾಯಮಂಡಳಿ' ಎಂಬ ಪುಟ ತೆರೆದರೆ ಅದು ಯಾವ ಯಾವ ದೃಶ್ಯಗಳಲ್ಲಿ ಬಂದಿದೆ ಎಂಬ ಪಟ್ಟಿ ಬದಿಯಲ್ಲಿ ಸಿದ್ಧವಾಗಿರುತ್ತದೆ. ಗೇಣಿದಾರ ಆ ಮಂಡಳಿಗೆ ಭೂಮಿಯ ಒಡೆತನ ಕೋರುವ 7ನೇ ನಮೂನೆಯ ಅರ್ಜಿ ಸಲ್ಲಿಸುವ ಮುಂಚೆಯೇ ಒಡೆಯರ ಮನೆಯಲ್ಲಿ ಅದರ ಬಗ್ಗೆ ಜಗಳ ನಡೆದುಬಿಟ್ಟಿದೆಯೇ ಎಂಬಂಥ ಕಾಲದ ಎಡವಟ್ಟುಗಳನ್ನು ಈ ಪಟ್ಟಿಯಿಂದ ಬೇಗ ಹಿಡಿಯಬಹುದು. ಸ್ಕ್ರಿವ್ನರ್‌ನ ಹಲಗೆ ದೃಶ್ಯಗಳ ಕ್ರಮವನ್ನು ತೋರಿಸಿದರೆ, ಇದು ದೃಶ್ಯಗಳ ನಡುವಿನ ಸಂಬಂಧವನ್ನು ತೋರಿಸುತ್ತದೆ. ಮೂರು ತಲೆಮಾರಿನ ಕಥೆಗೆ ಎರಡನೆಯದರ ಅಗತ್ಯವೇ ಹೆಚ್ಚು.

ಇದರ ಪುಟಗಳೆಲ್ಲ ಶೀರ್ಷಿಕೆ, ದಪ್ಪಕ್ಷರಗಳನ್ನು # ಮತ್ತು * ನಂಥ ಚಿಹ್ನೆಗಳಿಂದಲೇ ಸೂಚಿಸುವ ಸಾದಾ ಪಠ್ಯದ ಮಾರ್ಕ್‌ಡೌನ್ ಫೈಲುಗಳು. ಯಾವ ಫೋನಿನಲ್ಲಿ, ಯಾವ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ತಂತ್ರಾಂಶ ಉಚಿತ, ಸಾಧನಗಳ ನಡುವಿನ ಸಿಂಕ್‌ಗೆ ಅವರದೇ ಸೇವೆ ಬೇಕೆಂದರೆ ಮಾತ್ರ ಚಂದಾ ಕಟ್ಟಬೇಕು. ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ವಿಂಡೋಸ್ ಮತ್ತು ಆಂಡ್ರಾಯ್ಡ್ ನಡುವೆ ಸಾಧ್ಯವಿದೆಯಾದರೂ, ಫೋಲ್ಡರುಗಳ ಗೊಡವೆ ಬೇಡವೆನ್ನುವವರು ಚಂದಾ ಕಟ್ಟುವುದೇ ನೆಮ್ಮದಿ.

ಮೂರರಲ್ಲೂ ಎಚ್ಚರ ವಹಿಸಬೇಕಾದ ಒಂದು ಸಂಗತಿ ಕೀಲಿಮಣೆಗೆ ಸಂಬಂಧಿಸಿದ್ದು. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆದಾಗ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಅದು ಬಿದ್ದು, ಫೋನಿನಲ್ಲಿ ಬೀಳದಿದ್ದರೆ ಒಂದೇ ಪಾತ್ರ ಎರಡು ಹೆಸರುಗಳಾಗಿ ಉಳಿದು, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಅಬ್ಸಿಡಿಯನ್‌ನಲ್ಲಿ ಟೈಪಿಸುತ್ತಿದ್ದಂತೆ ಇರುವ ಪುಟಗಳ ಹೆಸರುಗಳನ್ನು ಅದೇ ತೋರಿಸುವುದರಿಂದ, ಅಲ್ಲಿಂದ ಆರಿಸಿಕೊಳ್ಳುವುದನ್ನು ರೂಢಿಮಾಡಿಕೊಂಡರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ.

ಎಲ್ಲ ಸಾಧನಗಳೂ ಆಪಲ್‌ನವೇ ಆಗಿದ್ದರೆ ಸ್ಕ್ರಿವ್ನರ್ ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಉಳಿದವರು ಯೋಜನೆ ಮತ್ತು ಮೊದಲ ಕರಡನ್ನು ಅಬ್ಸಿಡಿಯನ್‌ನಲ್ಲಿ ಮುಗಿಸಿ, ಮಾರ್ಕ್‌ಡೌನ್ ಪಠ್ಯವನ್ನು ನೇರವಾಗಿ ಸ್ವೀಕರಿಸುವ ಗೂಗಲ್ ಡಾಕ್ಸ್‌ಗೆ ತಿದ್ದುಪಡಿಯ ಹಂತದಲ್ಲಿ ಸಾಗಿಸುವುದು ಮೇಲು. ಅಲ್ಲಿಂದ ವರ್ಡ್ ಫೈಲ್ ಇಳಿಸಿಕೊಂಡು ಪ್ರಕಾಶಕರಿಗೆ ಕಳಿಸಬಹುದು. ಡಿಟಿಪಿಯವರು ಇನ್ನೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಪುಟ ಕಟ್ಟುವವರಾದರೆ, ಇಂದು ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯುನಿಕೋಡ್‌ನಿಂದ ಪರಿವರ್ತಿಸಿದ ಪ್ರತಿಯನ್ನು, ಅದರಲ್ಲೂ ಒತ್ತಕ್ಷರ ಮತ್ತು ಅರ್ಕಾವೊತ್ತುಗಳಿರುವ ಪದಗಳನ್ನು, ಮುದ್ರಣಕ್ಕೆ ಮುನ್ನ ಲೇಖಕರೇ ಕೂತು ಇನ್ನೊಮ್ಮೆ ನೋಡಬೇಕಾಗುತ್ತದೆ.